ಮೂರನೇ ಬೇಸಿನ ತಪ್ಪು

ಫೆಬ್ರವರಿ ಎರಡನೇ ವಾರದ ಹೊತ್ತಿಗೆ ವೆರೀನಾ ಥೀಲೆನ್‌ಗೆ ಒಂದು ಕಡೆ ಕೂರುವುದೇ ಆಗುತ್ತಿರಲಿಲ್ಲ. ಬೆಳಿಗ್ಗೆ ತಾನು ಓಡಿಸುವ ಶಾಲಾ ಬಸ್ಸಿನಲ್ಲಿ ಊರ ಮಕ್ಕಳನ್ನು ಶಾಲೆಗೆ ಇಳಿಸಿ ಬಂದರೆ, ಮತ್ತೆ ಅವರನ್ನು ಮನೆಗೆ ಬಿಡುವ ಮೂರು ಗಂಟೆಯವರೆಗೆ ಅವಳಿಗೆ ಬಿಡುವು. ಆ ಬಿಡುವೇ ಅವಳ ಶತ್ರು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಇಟ್ಟಳು. ಮರುವಾರ ಮತ್ತೆ ಇಳಿಸಿದಳು. ಅದೂ ಮುಗಿದ ಮೇಲೆ ಬೂಟು ಮೆಟ್ಟಿಕೊಂಡು ಊರಿನ ಬೇಸ್‌ಬಾಲ್ ಮೈದಾನಕ್ಕೆ ಹೋಗಿ, ಬ್ಯಾಟು ಹಿಡಿದವರು ನಿಲ್ಲುವ ಜಾಗ ಎಲ್ಲಿರಬೇಕೆಂದು ಅಂದಾಜು ಮಾಡಿ, ಹಿಮದೊಳಗೆ ಅಳತೆಕೋಲು ಚುಚ್ಚಿ ನೋಡುತ್ತಿದ್ದಳು. ಸೋಮವಾರ ಹದಿನೇಳು ಇಂಚು. ಬುಧವಾರ ಹದಿನೇಳು. ಶುಕ್ರವಾರ ಹತ್ತೊಂಬತ್ತು.

"ದಿನಾ ಹೋಗಿ ಚುಚ್ಚಿದ್ರೆ ಬೇಗ ಕರಗತ್ತೇನೇ ಅದು?" ಎಂದ ಅವಳ ಗಂಡ ಲೈನಸ್.

"ನಿನ್ನ ಮೀನು ದಿನಾ ಹೋಗಿ ಕೂತ್ರೆ ಬೇಗ ಬರತ್ತಾ?"

"ಬರಲ್ಲ. ಆದ್ರೆ ನಾನು ಕೂತಿರ್ತೀನಿ," ಎಂದು ಅವನು ಫ್ಲಾಸ್ಕು ಹಿಡಿದು ಹೆಪ್ಪುಗಟ್ಟಿದ ಕೆರೆಯ ಮೇಲಿನ ತನ್ನ ಮರದ ಗೂಡಿಗೆ ಹೊರಟ. ಅವನಿಗೆ ಮಂಜುಗಡ್ಡೆಯ ತೂತಿನ ಮುಂದೆ ಆರು ಗಂಟೆ ಅಲುಗಾಡದೆ ಕೂರುವುದು ಬರುತ್ತಿತ್ತು. ಮೂವತ್ತಾರು ವರ್ಷ ಸಂಸಾರ ಮಾಡಿದ ಮೇಲೂ ವೆರೀನಾಗೆ ಅದು ಅರ್ಥವಾಗದ ವಿದ್ಯೆ.

ಅವಳಿಗೆ ಅರವತ್ತು. ಮಿನ್ನೆಸೋಟಾದ ಸೇಂಟ್ ಒಡೀಲ್ ಎಂಬ ಆ ಸಣ್ಣ ಊರಿನ ತಂಡಕ್ಕೆ ಮೂವತ್ತೊಂದು ವರ್ಷಗಳಿಂದ ಸ್ಕೋರು ಬರೆಯುತ್ತಿದ್ದವಳು ಅವಳೇ. ಅದಕ್ಕೂ ಮೊದಲು ಅವಳ ಅಪ್ಪ ಸಿಲ್ವೆಸ್ಟರ್ ಬರೆಯುತ್ತಿದ್ದ. ಅಪ್ಪ ತೀರಿಕೊಂಡ ವರ್ಷ ತಂಡದವರು ಬಂದು, ಬೇರೆ ಯಾರನ್ನೂ ಕೇಳದೆ, ಪುಸ್ತಕವನ್ನು ಅವಳ ಕೈಗೆ ಕೊಟ್ಟು ಹೋಗಿದ್ದರು. ಈ ಸಲ ತಂಡಕ್ಕೆ ನೂರು ವರ್ಷ ತುಂಬುತ್ತಿತ್ತು. ಹಳೆಯ ಸ್ಕೋರು ಪುಸ್ತಕಗಳೆಲ್ಲ ಅವಳ ಮನೆಯ ನೆಲಮಾಳಿಗೆಯಲ್ಲಿ ಇದ್ದುದರಿಂದ, ನೂರು ವರ್ಷದ ಚರಿತ್ರೆಯ ಒಂದು ಪುಸ್ತಿಕೆ ಮಾಡಿಕೊಡಬೇಕೆಂದು ಅವಳನ್ನೇ ಕೇಳಿದ್ದರು. ಮುದ್ರಣಕ್ಕೆ ಕೊಡಲು ಏಪ್ರಿಲ್ ಮೊದಲ ವಾರದವರೆಗೆ ಸಮಯವಿತ್ತು.

ಗುರುವಾರ ಬಂದರೆ ಮಾತ್ರ ಅವಳಿಗೆ ಸ್ವಲ್ಪ ಜೀವ ಬರುತ್ತಿತ್ತು. ಊರಿನಲ್ಲಿದ್ದ ಒಂದೇ ಬಾರು ಅರ್ಬನ್ ಕ್ರೆಮರ್ಸ್‌ದು. ಅವನು ಹಿಂದೆ ತಂಡದ ಕ್ಯಾಚರ್, ಬ್ಯಾಟು ಹಿಡಿದವನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುತ್ತಿದ್ದವನು. ಕೂತು ಕೂತು ಮಂಡಿಗಳೆರಡೂ ಹೋಗಿದ್ದವು. ಜನವರಿಯಿಂದ ಏಪ್ರಿಲ್‌ವರೆಗೆ ಗುರುವಾರ ಸಂಜೆ ಐದೂವರೆಗೆ ಅವನು ಬೇಸ್‌ಬಾಲ್ ಪ್ರಶ್ನೆಗಳ ಆಟ ಇಡುತ್ತಿದ್ದ. ಬಹುಮಾನವೇನೂ ಇಲ್ಲ. ಚಳಿಗಾಲ ಕಳೆಯಬೇಕಲ್ಲ, ಅಷ್ಟೇ.

"ಒಂದೇ ದಿನ ಎರಡು ಊರಲ್ಲಿ, ಎರಡು ತಂಡಕ್ಕೆ ಆಡಿ, ಎರಡು ಕಡೆನೂ ಹಿಟ್ ಹೊಡೆದವನು..."

"ಜೋಯಲ್ ಯಂಗ್‌ಬ್ಲಡ್," ಎಂದಳು ವೆರೀನಾ. "ಎಂಬತ್ತೆರಡನೇ ಇಸವಿ. ಮಧ್ಯಾಹ್ನ ಶಿಕಾಗೋ, ರಾತ್ರಿ ಫಿಲಡೆಲ್ಫಿಯಾ."

"ತಾಯಿ, ಪ್ರಶ್ನೆ ಮುಗಿಸೋಕಾದ್ರೂ ಬಿಡಮ್ಮ. ಬೇರೆಯವರೂ ಬಿಯರಿಗೆ ದುಡ್ಡು ಕೊಟ್ಟವ್ರೇ," ಎಂದ ಅರ್ಬನ್. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಮುಂದಿನ ಚೀಟಿ ಓದಿದ. "ಹಾರ್ವಿ ಹ್ಯಾಡಿಕ್ಸ್. ಪಿಟ್ಸ್‌ಬರ್ಗ್‌ನ ಪಿಚರ್. ಐವತ್ತೊಂಬತ್ತನೇ ಇಸವಿಯಲ್ಲಿ ಹನ್ನೆರಡು ಇನಿಂಗ್ಸ್, ಮೂವತ್ತಾರು ಜನ, ಒಬ್ಬನ್ನೂ ಬೇಸ್ ಮುಟ್ಟೋಕೆ ಬಿಡ್ಲಿಲ್ಲ. ಹದಿಮೂರನೇದರಲ್ಲಿ ಯಾರದೋ ತಪ್ಪಿಂದ ಅದು ಹಾಳಾಯ್ತು. ಯಾರ ತಪ್ಪು?"

"ಡಾನ್ ಹೋಕ್," ಎಂದ ಮೂಲೆಯಿಂದ ರೋಮನ್ ಸ್ಟಾಂಗ್ಲ್.

"ಯಾವ ಜಾಗದಲ್ಲಿ ಆಡ್ತಿದ್ದ?"

"ಮೂರನೇ ಬೇಸು."

ಇಡೀ ಬಾರು ಒಟ್ಟಿಗೆ ತಿರುಗಿ ಡೆಲ್ಬರ್ಟ್ ಹೆನ್ನೆನ್‌ನನ್ನು ನೋಡಿತು. ಡೆಲ್ಬರ್ಟ್ ಎಪ್ಪತ್ತಮೂರರ ಮುದುಕ, ಊರ ರಸ್ತೆಗಳ ಹಿಮ ತಳ್ಳುವ ಲಾರಿಯ ಚಾಲಕ. ಹೆಚ್ಚು ಮಾತಿನವನಲ್ಲ.

"ನಿಮ್ಮ ಜಾತಿಯವನೇ ಕಣೋ ಡೆಲ್ಬರ್ಟ್," ಎಂದ ಅರ್ಬನ್. "ಮೂರನೇ ಬೇಸಲ್ಲಿ ನಿಲ್ಲೋರಿಗೆಲ್ಲ ಕೈಗೆ ಬೆಣ್ಣೆ ಹಚ್ಕೊಳ್ಳೋ ಚಟ."

"ಅವನು ಹಿಡಿದಾದ್ರೂ ಹಿಡ್ದ. ಎಸೆಯೋದರಲ್ಲಿ ಕೆಟ್ಟ," ಎಂದ ಡೆಲ್ಬರ್ಟ್. "ನನ್ನಷ್ಟು ದಡ್ಡನಲ್ಲ." ಎಲ್ಲರೂ ನಕ್ಕರು. ಅವನೂ ನಕ್ಕ.

ಊರಿಗೆಲ್ಲ ಗೊತ್ತಿದ್ದ ಕಥೆ ಅದು. ಐವತ್ತು ವರ್ಷಗಳ ಹಿಂದೆ, ಎಪ್ಪತ್ತನಾಲ್ಕರ ಜುಲೈನಲ್ಲಿ, ಪಕ್ಕದ ಹೋಲ್ಬಾಕ್ ಊರಿನ ವಿರುದ್ಧ, ತಂಡದ ಪಿಚರ್ ಆಗಿ ಚೆಂಡು ಎಸೆಯುತ್ತಿದ್ದ ರೋಮನ್ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದ್ದ. ನೂರು ವರ್ಷದಲ್ಲಿ ಊರಿನಲ್ಲಿ ಹಾಗೆ ಮಾಡಿದವನು ಅವನೊಬ್ಬನೇ. ಮೈದಾನದ ಬೇಲಿಯ ಮೇಲೆ ಅವನ ಹೆಸರೂ ಇಸವಿಯೂ ದೊಡ್ಡಕ್ಷರದಲ್ಲಿ ಬರೆದಿದ್ದವು. ಆ ದಿನ ಎದುರಾಳಿಗಳಲ್ಲಿ ಒಬ್ಬನೇ ಒಬ್ಬ ಹೊಡೆದು ಓಡಿ ಬೇಸ್ ತಲುಪಿದ್ದ, ಅದೂ ಆರನೇ ಇನಿಂಗ್ಸಿನಲ್ಲಿ ಡೆಲ್ಬರ್ಟ್ ಚೆಂಡು ಬಿಟ್ಟಿದ್ದರಿಂದ. ಅದೊಂದನ್ನು ಹಿಡಿದಿದ್ದರೆ ಒಂದು ಕಳಂಕವೂ ಇಲ್ಲದ ಪಂದ್ಯವಾಗುತ್ತಿತ್ತು. ಪ್ರತಿ ವರ್ಷ ಕೊನೆಯ ಗುರುವಾರದ ಕೊನೆಯ ಪ್ರಶ್ನೆ ಇದೇ: ರೋಮನ್‌ನ ಪಂದ್ಯ ಕೆಡಿಸಿದವನು ಯಾರು? ಬಾರಿನವರೆಲ್ಲ ಒಂದೇ ದನಿಯಲ್ಲಿ ಡೆಲ್ಬರ್ಟನ ಹೆಸರು ಕೂಗುತ್ತಿದ್ದರು. ಅವನು ಎದ್ದು, ಟೋಪಿ ತೆಗೆದು ಬಾಗಿ, ಎಲ್ಲರಿಗೂ ಒಂದು ಸುತ್ತು ಬಿಯರ್ ಕೊಡಿಸುತ್ತಿದ್ದ.

ಮಾರ್ಚ್ ಮೊದಲ ಮಂಗಳವಾರ ವೆರೀನಾ ಎಪ್ಪತ್ತನಾಲ್ಕರ ಪುಸ್ತಕ ತೆರೆದಳು. ಬೇರೆ ವರ್ಷಗಳನ್ನೆಲ್ಲ ಬೇಗ ಬೇಗ ದಾಟಿಸಿದವಳು ಇಲ್ಲಿ ನಿಂತಳು. ಈ ಪುಟದ ಫೋಟೋ ಪುಸ್ತಿಕೆಯಲ್ಲಿ ಹಾಕಬೇಕೆಂದು ಅವಳ ಆಸೆ. ದೀಪವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಹಿಡಿಯಲಾಗದ ಹೊಡೆತವಾದರೆ ಹಿಟ್. ಅದಕ್ಕೆ ಅಪ್ಪ ಒಂದು ಓರೆಗೆರೆ ಹಾಕುತ್ತಿದ್ದ. ಹಿಡಿಯಬಹುದಾಗಿದ್ದ ಚೆಂಡನ್ನು ಬಿಟ್ಟರೆ ಅದು ಆಟಗಾರನ ತಪ್ಪು. ಅದಕ್ಕೆ ಒಂದು 'ಇ', ಪಕ್ಕದಲ್ಲಿ ಅವನ ಜಾಗದ ಸಂಖ್ಯೆ. ಮೂರನೇ ಬೇಸಿನವನ ಸಂಖ್ಯೆ ಐದು. ಯಾವುದು ಹಿಟ್, ಯಾವುದು ತಪ್ಪು ಎಂಬುದನ್ನು ಸ್ಕೋರು ಬರೆಯುವವನೇ ನಿರ್ಧರಿಸಬೇಕು, ಅವನ ಮಾತೇ ಕೊನೆ. ಆರನೇ ಇನಿಂಗ್ಸಿನ ಚೌಕದಲ್ಲಿ 'ಇ' ಇತ್ತು, ಐದು ಇತ್ತು. ಆದರೆ ಕಾಗದ ಅಲ್ಲಿ ತೆಳುವಾಗಿತ್ತು. ಪುಟವನ್ನು ಎತ್ತಿ ದೀಪಕ್ಕೆ ಹಿಡಿದಳು. ಐದರ ಅಡಿಯಲ್ಲಿ, ಉಜ್ಜಿ ಅಳಿಸಿದ ಒಂದು ಓರೆಗೆರೆ ಕಂಡಿತು. ಅದು ಹಿಟ್ ಆಗಿದ್ದರೆ ರೋಮನ್‌ನ ಆ ಸಾಧನೆಯೇ ಇಲ್ಲ.

ಅಪ್ಪ ಪುಸ್ತಕದಲ್ಲಿ ಅಳಿಸುವವನಲ್ಲ. ಆ ವರ್ಷದ ಮಿಕ್ಕ ನಲವತ್ತು ಪುಟಗಳನ್ನೂ ದೀಪಕ್ಕೆ ಹಿಡಿದು ನೋಡಿದಳು. ಎಲ್ಲೂ ಒಂದು ಉಜ್ಜಿದ ಗುರುತಿಲ್ಲ.

ಆಗ ಅವಳಿಗೆ ನೆನಪಾಯಿತು. ಅವಳಿಗೆ ಹತ್ತು ವರ್ಷ. ಅಪ್ಪನ ಪಕ್ಕದಲ್ಲಿ ಕೂತು ತನ್ನದೇ ಒಂದು ನೋಟುಬುಕ್ಕಿನಲ್ಲಿ ಅವನು ಬರೆದದ್ದನ್ನೆಲ್ಲ ನಕಲು ಮಾಡುತ್ತಿದ್ದಳು. ಎಂಟನೇ ಇನಿಂಗ್ಸಿನಲ್ಲಿ ಹಿಂದಿನ ಬೆಂಚಿನಿಂದ ಯಾರೋ ಬಾಗಿ, "ಸಿಲ್ವೆಸ್ಟರ್, ಅದು ನಿಜವಾಗ್ಲೂ ಹಿಟ್ಟೇನಪ್ಪಾ?" ಎಂದಿದ್ದರು. ಅಪ್ಪ ಆರನೇ ಇನಿಂಗ್ಸಿನ ಚೌಕದ ಮೇಲೆ ಬೆರಳಿಟ್ಟಿದ್ದ. ಆಮೇಲೆ, "ನಿನ್ನ ಪೆನ್ಸಿಲ್ ಒಂದು ನಿಮಿಷ ಕೊಡು ಪುಟ್ಟಿ," ಎಂದಿದ್ದ. ಅವನ ಪೆನ್ಸಿಲ್ಲಿನ ಹಿಂಭಾಗದ ರಬ್ಬರನ್ನು ಅವನು ಯಾವಾಗಲೂ ಅಗಿದು ತೆಗೆದಿರುತ್ತಿದ್ದ. ಅವಳದರಲ್ಲಿ ರಬ್ಬರ್ ಇತ್ತು.

ಮರುದಿನ ಅವಳು ಮೈದಾನಕ್ಕೆ ಹೋಗಲಿಲ್ಲ. ಬಸ್ಸಿನಲ್ಲಿ ಒಂದು ತಿರುವು ತಪ್ಪಿಸಿ, ಹಿಂದಿನಿಂದ ಮಕ್ಕಳು ಕೂಗಿದ ಮೇಲೆ ತಿರುಗಿಸಿಕೊಂಡು ಬಂದಳು. ಮಧ್ಯಾಹ್ನ ನೇರವಾಗಿ ಕೆರೆಗೆ ನಡೆದು ಲೈನಸ್‌ನ ಗೂಡಿನ ಬಾಗಿಲು ತಟ್ಟಿದಳು. ಮಂಜುಗಡ್ಡೆ ಕರಗುವ ಕಾಲ ಬಂದಿದ್ದರಿಂದ ಎರಡು ದಿನದಲ್ಲಿ ಗೂಡನ್ನು ದಡಕ್ಕೆ ಎಳೆಯಬೇಕಿತ್ತು. ಅವನು ಕೊನೆಯ ಮೀನುಗಳಿಗಾಗಿ ಕೂತಿದ್ದ. ಅವಳು ಹೇಳಿದ್ದನ್ನೆಲ್ಲ ತೂತಿನಿಂದ ಕಣ್ಣು ತೆಗೆಯದೆ ಕೇಳಿದ.

"ನಿಮ್ಮಪ್ಪ ಬರೆದದ್ದು ನಿಮ್ಮಪ್ಪನ ತಲೆನೋವು," ಎಂದ. "ನೀನ್ಯಾಕೆ ಹೊತ್ಕೋತೀಯ?"

"ಪುಸ್ತಕ ನನ್ನ ಹತ್ರ ಇದೆಯಲ್ಲ."

"ಮುಚ್ಚಿಡು."

"ಡೆಲ್ಬರ್ಟ್ ಐವತ್ತು ವರ್ಷದಿಂದ ಟೋಪಿ ತೆಗೀತಿದ್ದಾನೆ ಲೈನಸ್."

ಲೈನಸ್ ದಾರವನ್ನು ಸ್ವಲ್ಪ ಎಳೆದು ಬಿಟ್ಟ. "ಹಾಗಾದ್ರೆ ಮೊದಲು ಅವನಿಗೇ ಹೇಳು. ಊರಿಗೆ ಆಮೇಲೆ," ಎಂದ. "ಮತ್ತೆ ಬಾಗಿಲು ಹಾಕ್ಕೋ, ಬಿಸಿ ಎಲ್ಲ ಹೊರಗೆ ಹೋಗ್ತಿದೆ."

ಲಾರಿ ನಿಲ್ಲಿಸುವ ಶೆಡ್ಡಿನಲ್ಲಿ ಡೆಲ್ಬರ್ಟ್ ಹಿಮ ತಳ್ಳುವ ಅಲಗಿನ ಅಂಚಿಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದ. ವೆರೀನಾ ನಿಂತುಕೊಂಡೇ ಎಲ್ಲ ಹೇಳಿ ಮುಗಿಸಿದಳು. ಕೂತರೆ ಧೈರ್ಯ ಹೋಗುತ್ತದೆಂಬ ಭಯ ಅವಳಿಗೆ. ಅವನು ಸುತ್ತಿಗೆ ಕೆಳಗಿಟ್ಟ.

"ಮೊದಲು ಹಿಟ್ ಅಂತ ಬರೆದಿದ್ರು ಅಂತೀಯ."

"ಹೌದು. ಎಂಟನೇ ಇನಿಂಗ್ಸಲ್ಲಿ ಅಳಿಸಿದ್ರು. ನಾನೇ ಪೆನ್ಸಿಲ್ ಕೊಟ್ಟೆ."

"ಸರಿ ಮಾಡಿದ್ರು," ಎಂದ ಡೆಲ್ಬರ್ಟ್.

"ಏನು?"

"ಚೆಂಡು ನನ್ನ ಕೈಗವಸಿಗೆ ತಾಗಿತ್ತು ಮರಿ. ತಾಗಿದ್ದನ್ನ ಹಿಡೀಬೇಕು. ನಾನು ಒಂದು ಹೆಜ್ಜೆ ಹಿಂದೆ ನಿಂತಿದ್ದೆ, ಅದು ನನ್ನ ತಪ್ಪು. ಬೇಕಾದ್ರೆ ಆ ಹೆಜ್ಜೆ ಎಲ್ಲಿಟ್ಟಿದ್ದೆ ಅಂತ ಈಗ್ಲೂ ತೋರಿಸ್ತೀನಿ."

"ನಿಮ್ಮ ಮೇಲಿನ ಭಾರ ಇಳೀಲಿ ಅಂತ ಬಂದೆ ನಾನು."

"ಯಾರು ಇಳಿಸು ಅಂದ್ರು?" ದನಿ ಏರಲಿಲ್ಲ, ಆದರೆ ಅವನ ಕಿವಿಗಳು ಕೆಂಪಾಗಿದ್ದವು. "ಇಪ್ಪತ್ತು ವರ್ಷ ಅದಕ್ಕೋಸ್ಕರ ನಿದ್ದೆ ಕೆಟ್ಟೆ. ಆಮೇಲೆ ಅದರ ಜೊತೆ ಬದುಕೋದು ಕಲಿತೆ. ಈಗ ಬಂದು ಅದು ನಂದಲ್ಲವೇ ಅಲ್ಲ ಅಂದ್ರೆ, ಆ ಇಪ್ಪತ್ತು ವರ್ಷ ಯಾರ ಲೆಕ್ಕಕ್ಕೆ ಹಾಕ್ಲಿ?"

ಅವನು ಲಾರಿ ಹತ್ತಿ ಹೊರಟುಹೋದ. ಅಂದು ಹಿಮ ಬಿದ್ದಿರಲಿಲ್ಲ. ಆದರೂ ಅವನು ಸಂಜೆಯವರೆಗೆ ಚರ್ಚಿನ ರಸ್ತೆಯನ್ನು ಎರಡೆರಡು ಸಲ ಕೆರೆದನೆಂದು ಊರಿನವರು ಆಮೇಲೆ ಹೇಳಿದರು.

ಆ ಗುರುವಾರ ಡೆಲ್ಬರ್ಟ್ ಬಾರಿಗೆ ಬರಲಿಲ್ಲ. ಮುಂದಿನ ಗುರುವಾರವೂ ಇಲ್ಲ. ವೆರೀನಾ ಹೋದಳು, ಆದರೆ ಉತ್ತರ ಗೊತ್ತಿದ್ದರೂ ಬಾಯಿ ಬಿಡಲಿಲ್ಲ. ಅರ್ಬನ್ ಅವಳ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದ. ಹ್ಯಾಡಿಕ್ಸ್‌ನ ಆ ಹನ್ನೆರಡು ಇನಿಂಗ್ಸಿನ ಸಾಧನೆಯನ್ನು ಮೂವತ್ತೆರಡು ವರ್ಷಗಳ ಮೇಲೆ, ನಿಯಮ ಬದಲಾಯಿಸಿದ ಒಂದು ಸಮಿತಿ ಪಟ್ಟಿಯಿಂದಲೇ ತೆಗೆದುಹಾಕಿದ್ದು ಅವಳ ತಲೆಯಲ್ಲಿ ಸುತ್ತುತ್ತಿತ್ತು. ಮೇಜಿನ ಮುಂದೆ ಕೂತ ಯಾರೋ ಒಬ್ಬರು ಪೆನ್ನು ಎತ್ತಿದರೆ ಸಾಕು, ಆ ರಾತ್ರಿ ಚೆಂಡು ಎಸೆದವನ ತೋಳಿಗೆ ಗೊತ್ತಿದ್ದದ್ದು ಸುಳ್ಳಾಗಿಬಿಡುತ್ತದೆಯೇ? ತಾನೂ ಈಗ ಅಂಥದೇ ಒಂದು ಮೇಜಿನ ಮುಂದೆ ಕೂತಿದ್ದಾಳಲ್ಲ. ರಾತ್ರಿ ಹಾಸಿಗೆಯಲ್ಲಿ ಕಾಲು ಆಡಿಸುತ್ತಲೇ ಇದ್ದಳು. ಲೈನಸ್ ದಿಂಬು ಎತ್ತಿಕೊಂಡು ಹಾಲಿಗೆ ಹೋಗಿ ಮಲಗಿದ.

ಇನ್ನು ರೋಮನ್ ಉಳಿದ. ಅವಳೇ ಅವನ ಮನೆಗೆ ಹೋಗಿ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ಎಪ್ಪತ್ತಾರರಲ್ಲೂ ನೆಟ್ಟಗೆ ನಿಲ್ಲುವ ಮನುಷ್ಯ. ಅವನ ಬೆನ್ನ ಹಿಂದಿನ ಕಪಾಟಿನಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ, ಆ ದಿನದ ಚೆಂಡು ಇತ್ತು.

"ಐವತ್ತು ವರ್ಷ ಆದ್ಮೇಲೆ ನಿನಗ್ಯಾಕಮ್ಮ ಈ ತುರಿಕೆ?" ಎಂದ.

"ಚರಿತ್ರೆ ಬರೆಯೋಕೆ ಹೇಳಿದ್ರಲ್ಲ."

"ಚರಿತ್ರೆ ಬರೀ ಅಂದ್ರೆ ಬೇಲಿ ಕಿತ್ತು ಹಾಕು ಅಂತ ಅರ್ಥಾನಾ? ನಿಮ್ಮಪ್ಪ ಸ್ಕೋರರ್. ಅವರು ತಪ್ಪು ಅಂದ್ರು, ಮುಗೀತು. ಅದೇ ನಿಯಮ." ಪುಟವನ್ನು ಅವಳ ಕಡೆ ತಳ್ಳಿದ. "ಕಾಫಿ ಕುಡೀತೀಯಾ?"

"ಬೇಡ."

"ಒಳ್ಳೇದು. ನಂಗೂ ಮಾಡೋ ಮನಸ್ಸಿಲ್ಲ."

ಏಪ್ರಿಲ್ ಮೊದಲ ಗುರುವಾರ ಆಟದ ಕೊನೆಯ ಸಂಜೆ. ಪುಸ್ತಿಕೆ ಶನಿವಾರ ಮುದ್ರಣಕ್ಕೆ ಹೋಗಬೇಕಿತ್ತು. ಎಪ್ಪತ್ತನಾಲ್ಕರ ಪುಟ ಮಾತ್ರ ಖಾಲಿ ಉಳಿದಿತ್ತು. ಡೆಲ್ಬರ್ಟ್ ಬಂದಿದ್ದ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ, ಕೋಟು ಬಿಚ್ಚದೆ ಕೂತಿದ್ದ. ಆ ದಿನ ತಾನು ಬರದಿದ್ದರೆ ಜನ ಏನೇನೋ ಅಂದುಕೊಳ್ಳುತ್ತಾರೆ ಎಂದು ಬಂದಿರಬೇಕು.

ಅರ್ಬನ್‌ಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನು ಎಂದಿನಂತೆ ಗಂಟೆ ಬಾರಿಸಿ ಕೊನೆಯ ಚೀಟಿ ತೆಗೆದ. "ಎಲ್ರೂ ಕಾಯ್ತಿರೋ ಪ್ರಶ್ನೆ. ರೋಮನ್ ಸ್ಟಾಂಗ್ಲ್‌ನ ಪಂದ್ಯ ಕೆಡಿಸಿದವನು ಯಾರು?"

"ಡೆಲ್ಬರ್ಟ್," ಎಂದು ಬಾರು ಗುಡುಗಿತು.

ಡೆಲ್ಬರ್ಟ್ ಟೋಪಿಗೆ ಕೈ ಹಾಕಿದ.

"ಕೂತ್ಕೊಳ್ಳೋ," ಎಂದ ರೋಮನ್ ಮೂಲೆಯಿಂದ. "ಉತ್ತರ ತಪ್ಪು."

ಜನ ಇದೂ ಒಂದು ತಮಾಷೆಯೆಂದು ನಗಲು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ರೋಮನ್ ಎದ್ದು ನಿಂತಿದ್ದ. "ಹೋಲ್ಬಾಕ್‌ನವನು ಹೊಡೆದದ್ದು ಗುಂಡಿನ ಹಾಗೆ ಹೋಯ್ತು. ಹೋಗಿ ತಾಗಿದ್ದು ಅವನ ಕೈಗವಸಿನ ತುದಿಗೆ. ನಾನು ಚೆಂಡು ಎಲ್ಲಿ ಹೋಯ್ತು ಅಂತ ನೋಡ್ಲಿಲ್ಲ, ಡೆಲ್ಬರ್ಟನ ಬೆರಳು ಮುರೀತಾ ಅಂತ ನೋಡ್ದೆ. ಯಾರಾದ್ರೂ ತಪ್ಪು ಮಾಡಿದವನ ಬೆರಳು ನೋಡ್ತಾರಾ? ಅದು ಹಿಟ್. ನನಗೆ ಅವತ್ತೇ ಗೊತ್ತಿತ್ತು. ಮಾರನೇ ದಿನ ಪೇಪರ್‌ನಲ್ಲಿ ನನ್ನ ಹೆಸರು ಬಂತು, ದೊಡ್ಡ ತಂಡದವರೊಬ್ಬರು ಪರೀಕ್ಷೆಗೆ ಕರೆದ್ರು, ನಾನು ಬಾಯಿ ಮುಚ್ಕೊಂಡೆ. ಮೂರು ವಾರದಲ್ಲಿ ಅವರು ವಾಪಸ್ ಕಳಿಸಿದ್ರು. ಆಗಲಾದ್ರೂ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಅರ್ಬನ್ ಕೈಯಲ್ಲಿದ್ದ ಚೀಟಿಯನ್ನು ಕೆಳಗಿಟ್ಟ.

"ಇವತ್ತಿನ ಸುತ್ತು ನಂದು," ಎಂದು ರೋಮನ್ ಕೂತ.

"ನಿನ್ನ ಬಿಯರ್ ಯಾರಿಗೆ ಬೇಕು?" ಎಂದ ಡೆಲ್ಬರ್ಟ್. "ಅದು ತಪ್ಪೇ. ನಾನು ಒಂದು ಹೆಜ್ಜೆ ಹಿಂದಿದ್ದೆ."

"ಹಿಂದೆ ನಿಲ್ಲು ಅಂದಿದ್ದೇ ನಾನು, ಮರೆತ್ಯಾ?"

"ನೀನು ಏನಂದ್ರೂ ನಾನು ಕೇಳ್ತಿದ್ನಾ? ನನ್ನಿಷ್ಟಕ್ಕೆ ನಿಂತಿದ್ದೆ."

"ಹಿಟ್ ಕಣೋ, ಮೊಂಡ."

"ತಪ್ಪು ಕಣೋ. ನನ್ನ ತಪ್ಪನ್ನ ನೀನು ಕಿತ್ಕೊಳ್ಬೇಡ."

ಐವತ್ತು ವರ್ಷ ತಮಾಷೆಯಲ್ಲಿ ಕಳೆದವರು ಅಂದು ಮೊದಲ ಬಾರಿಗೆ ನಿಜವಾಗಿ ಜಗಳವಾಡಿದರು. ಬಾರಿನಲ್ಲಿ ಎರಡು ಪಕ್ಷವಾಯಿತು. ಅರ್ಬನ್ ಉಪ್ಪಿನ ಡಬ್ಬಿ, ಸಾಸಿವೆ ಬಾಟಲಿಗಳನ್ನು ಮೇಜಿನ ಮೇಲೆ ಆಟಗಾರರಂತೆ ಜೋಡಿಸಿದ, ಡೆಲ್ಬರ್ಟ್ ಅವುಗಳನ್ನು ಸರಿಸಿದ, ರೋಮನ್ ವಾಪಸ್ ಇಟ್ಟ. ವೆರೀನಾಗೆ ಸ್ವಲ್ಪ ಹಗುರಾಯಿತು. ಆದರೆ ಒಂದು ಪ್ರಶ್ನೆ ಉಳಿದೇ ಇತ್ತು. ಅಪ್ಪ ಯಾಕೆ ಅಳಿಸಿದ? ರೋಮನ್‌ಗೆ ಒಳ್ಳೆಯದಾಗಲೆಂದೋ, ಬೆಂಚಿನ ಹಿಂದಿನ ದನಿಗೆ ಹೆದರಿಯೋ, ಅಥವಾ ಎರಡು ಇನಿಂಗ್ಸ್ ಯೋಚಿಸಿ ನಿಜಕ್ಕೂ ತಪ್ಪು ಎಂದೇ ಅನ್ನಿಸಿಯೋ? ಅದನ್ನು ಹೇಳಬಲ್ಲವನು ಚರ್ಚಿನ ಹಿಂದೆ ಮಣ್ಣಿನಲ್ಲಿದ್ದ.

ಶುಕ್ರವಾರ ಅವಳು ಆ ಪುಟ ಬರೆದಳು. ಪುಸ್ತಕದಲ್ಲಿ ಮೊದಲು ಹಿಟ್ ಎಂದಿತ್ತು, ಎಂಟನೇ ಇನಿಂಗ್ಸಿನಲ್ಲಿ ತಪ್ಪು ಎಂದಾಯಿತು. ಪಿಚರ್ ಅದು ಹಿಟ್ ಅನ್ನುತ್ತಾನೆ, ಮೂರನೇ ಬೇಸಿನವನು ತಪ್ಪು ಅನ್ನುತ್ತಾನೆ. ಅಳಿಸಿದ ರಬ್ಬರ್ ಈ ಪುಸ್ತಿಕೆ ಬರೆದವಳದು. ಅಷ್ಟೇ ಬರೆದು ಕಳಿಸಿಬಿಟ್ಟಳು. ಬೇಲಿಯ ಮೇಲಿನ ಹೆಸರನ್ನು ಅಳಿಸಬೇಕೇ ಎಂದು ಊರ ತಂಡದ ಸಮಿತಿ ಎರಡು ಸಲ ಸಭೆ ಸೇರಿ, ತೀರ್ಮಾನವಾಗದೆ, ಬಣ್ಣ ಬಳಿಯುವವನು ಸಿಕ್ಕಾಗ ನೋಡೋಣ ಎಂದು ಎದ್ದಿತು.

ಮೊದಲ ಪಂದ್ಯ ಏಪ್ರಿಲ್ ಕೊನೆಯ ಭಾನುವಾರ. ಮೈದಾನ ಒಣಗಿತ್ತು, ಗೆರೆ ಎಳೆದಾಗಿತ್ತು. ಶನಿವಾರ ರಾತ್ರಿ ಎಂಟು ಇಂಚು ಹಿಮ ಬಿತ್ತು.

ಬೆಳಿಗ್ಗೆ ಏಳಕ್ಕೆ ಪಂದ್ಯ ರದ್ದಾಯಿತೆಂದು ಫೋನು ಬಂದಾಗ ವೆರೀನಾ ಆಗಲೇ ಕೋಟು ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದಳು. ಕಿಟಕಿಗೆ ಹೋದಳು, ಒಲೆಗೆ ಬಂದಳು, ಮತ್ತೆ ಕಿಟಕಿಗೆ ಹೋದಳು. "ಎಲ್ಲಾದ್ರೂ ಹೋಗಿ ಬಾರೆ, ನೆಲ ಸವೆದು ಹೋಗತ್ತೆ," ಎಂದ ಲೈನಸ್. ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು. ರೋಮನ್‌ನ ಕಾರು. ಮುಂದಿನ ಸೀಟಿನಲ್ಲಿ, ಬೆಳಗಿನ ಜಾವದಿಂದ ರಸ್ತೆ ಕೆರೆದು ಬಂದ ಡೆಲ್ಬರ್ಟ್ ಕಣ್ಣುಜ್ಜಿಕೊಳ್ಳುತ್ತಿದ್ದ.

"ದಕ್ಷಿಣಕ್ಕೆ ಹೋಗ್ತಿದ್ದೀವಿ," ಎಂದ ರೋಮನ್ ಗಾಜು ಇಳಿಸಿ. "ಹಿಮ ಎಲ್ಲಿ ಮುಗಿಯತ್ತೋ ಅಲ್ಲಿವರೆಗೆ. ಯಾರಾದ್ರೂ ಆಡ್ತಿರ್ತಾರೆ."

"ಇವನು ಓಡಿಸ್ತಾನಂತೆ," ಎಂದ ಡೆಲ್ಬರ್ಟ್. "ಜೀವದ ಮೇಲೆ ಆಸೆ ಇದ್ರೆ ಬರಬೇಡ."

ಅವಳು ಹಿಂದಿನ ಸೀಟಿಗೆ ಹತ್ತಿದಳು. ಪಕ್ಕದ ರಾಜ್ಯ ಅಯೊವಾದ ಗಡಿ ದಾಟುವವರೆಗೂ ಹೊಲಗಳು ಬೆಳ್ಳಗೇ ಇದ್ದವು. ಆಮೇಲೆ ಕಂದು ಪಟ್ಟೆಗಳು ಕಂಡವು, ಆಮೇಲೆ ಒದ್ದೆ ಮಣ್ಣು, ಕೊನೆಗೆ ಹಸಿರು. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ, ಹೆಸರು ಗೊತ್ತಿಲ್ಲದ ಒಂದು ಊರಿನ ಅಂಚಿನಲ್ಲಿ, ನೀಲಿ ಮತ್ತು ಕೆಂಪು ಅಂಗಿಯ ಕಾಲೇಜು ಹುಡುಗರು ಆಡುತ್ತಿದ್ದರು. ರೋಮನ್ ಬ್ರೇಕು ಹಾಕಿದ ರಭಸಕ್ಕೆ ಡೆಲ್ಬರ್ಟನ ಟೋಪಿ ಮುಂದಕ್ಕೆ ಹಾರಿತು.

ತಂತಿ ಬೇಲಿಗೆ ಬೆರಳು ಸಿಕ್ಕಿಸಿ ಮೂವರೂ ನಿಂತರು. ಗಾಳಿ ಮುಖ ಕೊರೆಯುತ್ತಿತ್ತು. ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಹೆಂಗಸನ್ನು ವೆರೀನಾ ಸ್ಕೋರು ಎಷ್ಟೆಂದು ಕೇಳಿದಳು.

"ಗೊತ್ತಿಲ್ಲ ಕಣ್ರೀ. ನನ್ನ ಮಗ ಅಲ್ಲಿದ್ದಾನೆ, ಎಡಗಡೆ ಕೊನೇಲಿ. ಅವನಿಗೆ ಚಳಿಯಾಗ್ತಿದೆ ಅನ್ಸತ್ತೆ."

ಅವರು ಕೊನೆಯವರೆಗೂ ನಿಂತರು. ಯಾರು ಗೆದ್ದರೆಂದು ಮೂವರಿಗೂ ಸರಿಯಾಗಿ ತಿಳಿಯಲಿಲ್ಲ. ವಾಪಸ್ ಬರುವಾಗ ಡೆಲ್ಬರ್ಟ್ ಕಾರು ಓಡಿಸಿದ, ರೋಮನ್ ಬಾಯಿ ತೆರೆದು ನಿದ್ದೆಹೋದ. ವೆರೀನಾ ರೇಡಿಯೋದ ಗುಂಡಿ ತಿರುಗಿಸಲು ಮುಂದಕ್ಕೆ ಬಾಗಿ, ವಾರದ ಹವಾಮಾನ ಸಿಗುವವರೆಗೆ ಒಂದೊಂದೇ ಸ್ಟೇಷನ್ ಹುಡುಕಿದಳು. ಬುಧವಾರ ಮತ್ತೆ ಹಿಮ ಬರಬಹುದಂತೆ, ಗುರುವಾರದಿಂದ ಬಿಸಿಲಂತೆ.

"ಭಾನುವಾರ?" ಎಂದ ಡೆಲ್ಬರ್ಟ್.

"ಅಲ್ಲಿವರೆಗೆ ಇನ್ನೂ ಹೇಳಿಲ್ಲ," ಎಂದು ಅವಳು ಇನ್ನೊಂದು ಸ್ಟೇಷನ್ ಹುಡುಕತೊಡಗಿದಳು.